ಹಾಸುಬಂಡೆಯ ದಾರಿ ತೋರಿಸಿದವಳು

ಜಲಜಮ್ಮನಿಗೆ ಮಕ್ಕಳ ಹೆಸರು ತಡವಾಗಿ ಗೊತ್ತಾಗುತ್ತಿತ್ತು, ತಟ್ಟೆ ಬೇಗ ಗೊತ್ತಾಗುತ್ತಿತ್ತು. ಜೂನಿನಲ್ಲಿ ಎಂಟನೇ ಕ್ಲಾಸಿಗೆ ಹೊಸದಾಗಿ ಬಂದವರಲ್ಲಿ ಯಾರು ಅನ್ನದ ನಡುವೆ ಗುಂಡಿ ಮಾಡಿ ಸಾರು ಹಾಕಿಸಿಕೊಳ್ಳುತ್ತಾರೆ, ಯಾರು ಬದಿಗೆ ಹಾಕಿಸಿಕೊಳ್ಳುತ್ತಾರೆ, ಯಾರು ಮೊಟ್ಟೆಯ ದಿನ ಅರ್ಧ ಮೊಟ್ಟೆಯನ್ನು ಕಾಗದದಲ್ಲಿ ಸುತ್ತಿ ಮನೆಯ ತಮ್ಮನಿಗೆ ಒಯ್ಯುತ್ತಾರೆ, ಇದೆಲ್ಲ ಹದಿನೈದು ದಿನದೊಳಗೆ ಅವಳ ತಲೆಯಲ್ಲಿರುತ್ತಿತ್ತು.

ನಿಟ್ಟೂರಿನಿಂದ ಕಾಡಿನ ಕಡೆಗೆ ನಾಲ್ಕು ಮೈಲಿ ಹೋದರೆ ಹೆಗ್ಗಾರ್ಕೊಡಿಗೆ. ಅಲ್ಲಿಯ ಹೈಸ್ಕೂಲಿನಲ್ಲಿ ಅವಳು ಹನ್ನೆರಡು ವರ್ಷದಿಂದ ಬಿಸಿಯೂಟದ ಅಡುಗೆಯವಳು. ತೀರ್ಥಹಳ್ಳಿ ಕಡೆಯಿಂದ ಹತ್ತೊಂಬತ್ತಕ್ಕೆ ಮದುವೆಯಾಗಿ ಈ ಊರಿಗೆ ಬಂದಿದ್ದಳು. ಗಂಡ ಮುಕುಂದಯ್ಯ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಒಬ್ಬಳೇ ಮಗಳು ದೀಪ್ತಿಯನ್ನು ಸಾಗರಕ್ಕೆ ಕೊಟ್ಟಿದ್ದಳು. ಓದು ಎರಡನೇ ಕ್ಲಾಸಿಗೆ ನಿಂತಿತ್ತು. ಸಹಿ ಹಾಕುತ್ತಿದ್ದಳು, ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಓದುತ್ತಿದ್ದಳು, ಅದಕ್ಕಿಂತ ಉದ್ದದ್ದು ಎದುರಾದರೆ ಯಾರನ್ನಾದರೂ ಕೇಳುತ್ತಿದ್ದಳು. ಆದರೆ ತೊಂಬತ್ತನಾಲ್ಕು ಮಕ್ಕಳಿಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಮಳೆಗಾಲದಲ್ಲಿ ಎಷ್ಟು ಹೆಚ್ಚು, ಪರೀಕ್ಷೆಯ ದಿನ ಎಷ್ಟು ಕಡಿಮೆ ಎಂಬ ಅಂದಾಜು ಒಂದು ದಿನವೂ ತಪ್ಪಿದ್ದಿಲ್ಲ.

ಆ ವರ್ಷ ಜನವರಿಯಲ್ಲಿ ಭವ್ಯಾಳ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಹತ್ತನೇ ಕ್ಲಾಸಿನ ಹುಡುಗಿ. ಅವಳ ಅಪ್ಪ ಹೂವಯ್ಯನ ಮನೆ ಜಲಜಮ್ಮನ ಮನೆಯಿಂದ ಹತ್ತು ನಿಮಿಷದ ದಾರಿ. ತಾಯಿ ತೀರಿಹೋಗಿ ಆರು ವರ್ಷ. ಹೂವಯ್ಯ ಮೆಣಸು ಕೊಯ್ಲಿನ ಕಾಲದಲ್ಲಿ ಏಣಿ ಹೊತ್ತುಕೊಂಡು ಹುಲಿಕಲ್ ಕಡೆಗೆ ಹೋದರೆ ವಾರವಿಡೀ ಅಲ್ಲೇ ಇದ್ದು ಶನಿವಾರ ಸಂಜೆ ಬರುವವನು. ಮನೆಯಲ್ಲಿ ಕಿವಿ ಕೇಳದ ಅಜ್ಜಿ ಮತ್ತು ಭವ್ಯಾ, ಇಬ್ಬರೇ.

ನಾಲ್ಕು ದಿನ ನೋಡಿ ಐದನೇ ದಿನ ತಟ್ಟೆ ತೊಳೆಯುವ ನಲ್ಲಿಯ ಹತ್ತಿರ ಜಲಜಮ್ಮ ಅವಳನ್ನು ಹಿಡಿದಳು.

"ಎಂತಕ್ಕೆ ಅನ್ನ ಚೆಲ್ತಿದ್ಯೇ ಮಾರಾಯ್ತಿ? ಸಾರಿಗೆ ಉಪ್ಪು ಜಾಸ್ತಿಯಾಗಿತ್ತಾ?"

"ಇಲ್ಲ ದೊಡ್ಡಮ್ಮ. ಹಸಿವಿಲ್ಲ."

"ಹದಿನಾರು ವರ್ಷಕ್ಕೆ ಹಸಿವಿಲ್ದೇ ಇರದು ಎಂತದು? ನಂಗೆ ಐವತ್ತೆಂಟಕ್ಕೂ ಹಸಿವಾಗ್ತದೆ."

ಹುಡುಗಿ ನಗಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅವಳ ಕ್ಲಾಸಿನ ಕಿರಣ್ ಕೂಗಿದ: "ಕೆಂಪು ದೀಪ ಬಂತು, ಬಸ್ಸು ನಿಲ್ಸ್ರೋ!" ಸುತ್ತ ನಿಂತವರೆಲ್ಲ ನಕ್ಕರು. ಭವ್ಯಾ ತಟ್ಟೆಯನ್ನು ಅರ್ಧ ತೊಳೆದು ಅಲ್ಲೇ ಬಿಟ್ಟು ಹೋದಳು.

ಕೆಂಪು ದೀಪ ಎಂದರೆ ಏನೆಂದು ಜಲಜಮ್ಮ ಜೊತೆಯ ಅಡುಗೆಯವಳಾದ ಗುಲಾಬಿಯನ್ನು ಕೇಳಿದಳು. ಗುಲಾಬಿ ಸೌಟಿನಿಂದಲೇ ಎದುರಿನ ಜಗುಲಿಯ ಗೋಡೆ ತೋರಿಸಿದಳು. ಅಲ್ಲೊಂದು ದೊಡ್ಡ ಚಾರ್ಟು ತೂಗುತ್ತಿತ್ತು. ಮೂವತ್ತೊಂದು ಹೆಸರು, ಪ್ರತಿ ಹೆಸರಿನ ಮುಂದೆ ದಿನಕ್ಕೊಂದು ಬೊಟ್ಟು. ಹಸಿರು ಬೊಟ್ಟಾದರೆ ಮಗು ಬೆಳಗಿನ ಜಾವ ಎದ್ದು ಓದಿದೆ, ಕೆಂಪಾದರೆ ಎದ್ದಿಲ್ಲ. ಹೆಚ್ಚು ಓದು ಬಾರದಿದ್ದರೂ ಬಣ್ಣ ಜಲಜಮ್ಮನಿಗೆ ಗೊತ್ತಾಗುತ್ತದಲ್ಲ. ಕೆಳಗಿನಿಂದ ನಾಲ್ಕನೇ ಸಾಲು, ಭವ್ಯಾಳದ್ದು, ಪೂರಾ ಕೆಂಪಾಗಿತ್ತು.

ಇದು ವಿಜ್ಞಾನದ ಉಮೇಶ್ ಮೇಷ್ಟ್ರ ಏರ್ಪಾಡು. ಶಾಲೆಗೆ ಮೂರು ವರ್ಷದಿಂದ ಹತ್ತನೇ ಕ್ಲಾಸಿನಲ್ಲಿ ನೂರಕ್ಕೆ ನೂರು ಬಂದಿತ್ತು. ನಾಲ್ಕನೆಯ ವರ್ಷವೂ ಬರಬೇಕೆಂಬುದು ಊರಿಗೂ ಆಸೆ, ಹೆಡ್ ಮೇಷ್ಟ್ರು ಗಜಾನನರಿಗೂ ಆಸೆ. ಉಮೇಶ್ ಮೇಷ್ಟ್ರು ಹೊಸನಗರದ ತಮ್ಮ ಬಾಡಿಗೆ ಕೋಣೆಯಲ್ಲಿ ನಾಲ್ಕೂಮುಕ್ಕಾಲಿಗೆ ತಾವು ಎದ್ದು, ಐದಕ್ಕೆ ಒಂದೊಂದೇ ಮನೆಗೆ ಫೋನ್ ಮಾಡುತ್ತಿದ್ದರು. ಮಗು ಮುಖ ತೊಳೆದುಕೊಂಡು ಐದೂವರೆಯೊಳಗೆ ಅವರಿಗೆ ತಿರುಗಿ ಒಂದು ಮಿಸ್ ಕಾಲ್ ಕೊಡಬೇಕು. ಭಾನುವಾರ ರಜೆ. ಕೆಟ್ಟ ಮನುಷ್ಯ ಅಲ್ಲ ಅವರು. ಮಕ್ಕಳಿಗಾಗಿ ತಮ್ಮ ನಿದ್ದೆ ಬಿಟ್ಟವರು.

ಮಾರನೇ ದಿನ ಜಲಜಮ್ಮ ಭವ್ಯಾಳನ್ನು ಅಡುಗೆ ಕೋಣೆಗೆ ಕರೆದು ತೊಗರಿಬೇಳೆ ಆರಿಸಲು ಕೂರಿಸಿಕೊಂಡಳು.

"ಏಳಕ್ಕಾಗಲ್ವೇನೇ ನಿಂಗೆ?"

"ನಾ ನಾಲ್ಕೂವರೆಗೇ ಏಳ್ತೀನಿ ದೊಡ್ಡಮ್ಮ. ದಿನಾ ಓದ್ತೀನಿ. ನಮ್ಮನೇಲಿ ಫೋನಿಗೆ ಸಿಗ್ನಲ್ ಒಂದು ಕಡ್ಡೀನೂ ಬರಲ್ಲ. ಬೇರೆಯವ್ರ ಮನೇಲೆಲ್ಲ ನೆಟ್ ಹಾಕ್ಸಿದಾರೆ, ಅದ್ರಲ್ಲೇ ಫೋನ್ ಹೋಗ್ತದೆ."

"ಸಾರ್‌ಗೆ ಹೇಳಿದ್ಯಾ?"

"ಹೇಳ್ದೆ. ಹಿಂಗೆ ನೆಪ ಹೇಳಿದವ್ರೇ ಕಡೇಲಿ ಫೇಲಾಗದು, ಎಲ್ಲಿಂದಾದ್ರೂ ಮಾಡು, ನಿನ್ನೊಬ್ಳಿಂದ ಶಾಲೆ ನೂರು ಪರ್ಸೆಂಟ್ ಹೋಗ್ಬಾರ್ದು ಅಂದ್ರು." ಹುಡುಗಿ ಬೇಳೆಯಲ್ಲಿನ ಕಲ್ಲನ್ನು ಬೆರಳಿನಲ್ಲಿ ಒತ್ತಿ ಹಿಡಿದುಕೊಂಡಿದ್ದಳು. "ನಂಗೆ ಪಿಯುಸಿಗೆ ಹೋಗ್ಬೇಕು ದೊಡ್ಡಮ್ಮ. ಆ ಚಾರ್ಟ್ ನೋಡಿದ್ರೆ ನಾನು ಹೋಗಲ್ಲ ಅಂತ್ಲೇ ಅನ್ಸ್ತದೆ. ಅನ್ನ ಗಂಟಲಲ್ಲಿ ಇಳಿಯಲ್ಲ."

ಜಲಜಮ್ಮನ ಮನೆಯಲ್ಲೂ ಕಡ್ಡಿ ಇಲ್ಲ. ಅವಳು ಭಾನುವಾರ ಹನ್ನೊಂದು ಗಂಟೆಗೆ ಸಾಗರದ ಮಗಳ ಹತ್ತಿರ ಮಾತಾಡಬೇಕೆಂದರೆ ಮನೆಯ ಹಿಂದಿನ ಗುಡ್ಡ ಹತ್ತುತ್ತಿದ್ದಳು. ಅರ್ಧ ಹಾದಿಯಲ್ಲಿ ಒಂದು ಹಾಸುಬಂಡೆ. ಈ ಕಡೆ ನೆಲಕ್ಕೆ ಸಮ, ಆ ಕಡೆ ಎರಡಾಳು ಆಳ, ಕೆಳಗೆ ಕಲ್ಲಿನ ರಾಶಿ. ಒಂದು ಕಾಲಕ್ಕೆ ಊರಿನವರೆಲ್ಲ ಫೋನಿಗೆಂದು ಅಲ್ಲಿಗೇ ಹೋಗುತ್ತಿದ್ದರು. ನೆಟ್ ಬಂದ ಮೇಲೆ ಯಾರಿಗೂ ಬೇಡವಾಗಿ ದಾರಿಯ ಮೇಲೆ ಗಿಡ ಬೆಳೆದಿತ್ತು. ಅದು ಈಗ ಜಲಜಮ್ಮನೊಬ್ಬಳ ಕಾಲಿಗೆ ಮಾತ್ರ ಗೊತ್ತಿದ್ದ ದಾರಿ.

ಆ ಭಾನುವಾರ ಅವಳು ಭವ್ಯಾಳನ್ನು ಕರೆದುಕೊಂಡು ಹೋದಳು. ಕತ್ತಿಯಿಂದ ಗಿಡ ಸವರುತ್ತ ಮುಂದೆ ನಡೆದು ಹೆಜ್ಜೆ ಹೆಜ್ಜೆಗೂ ಹೇಳಿದಳು. ಇಲ್ಲಿ ಬೇರು ಎದ್ದಿದೆ, ಇಲ್ಲಿ ಎಡಕ್ಕೆ. ಬಂಡೆಯ ಈ ಕಡೆಯ ನೆಲ್ಲಿಮರದ ಬುಡದಲ್ಲಿ ನಿಲ್ಲಿಸಿ, "ಇಲ್ಲಿ ಎರಡು ಕಡ್ಡಿ. ಮುಂದೆ ಹೋದ್ರೆ ಮೂರು ಬರ್ತದೆ, ಆದ್ರೆ ಹೋಗ್ಬೇಡ. ಎರಡು ಸಾಕು" ಎಂದಳು. ಭವ್ಯಾ ಅಲ್ಲೇ ನಿಂತು ಉಮೇಶ್ ಮೇಷ್ಟ್ರಿಗೆ ಒಂದು ಮಿಸ್ ಕಾಲ್ ಕೊಟ್ಟು ನೋಡಿದಳು. ಹೋಯಿತು. ಅವಳ ಮುಖ ಅರಳಿದ್ದನ್ನು ಕಂಡು ಜಲಜಮ್ಮನಿಗೆ ದೀಪ್ತಿಯ ಹತ್ತಿರ ಮಾತಾಡುವುದೇ ಮರೆತುಹೋಯಿತು.

ಬಿಸಿಲಿತ್ತು. ಬಂಡೆ ಒಣಗಿತ್ತು. ಜಲಜಮ್ಮ ಆ ಬಂಡೆಯನ್ನು ಹನ್ನೊಂದು ಗಂಟೆಯ ಬೆಳಕಿನಲ್ಲಿ ಬಿಟ್ಟು ಬೇರೆ ಹೊತ್ತಿನಲ್ಲಿ ನೋಡಿದವಳೇ ಅಲ್ಲ. ಐದು ಗಂಟೆಗೆ ಅದು ಹೇಗಿರುತ್ತದೆ ಎಂದು ಅವಳ ಮನಸ್ಸಿಗೆ ಬರಲಿಲ್ಲ. ಅಪ್ಪಯ್ಯನಿಗೆ ಹೇಳಿದ್ದೀಯಾ ಎಂದೂ ಕೇಳಲಿಲ್ಲ.

ಸೋಮವಾರದಿಂದ ನಾಲ್ಕನೇ ಸಾಲಿನಲ್ಲಿ ಹಸಿರು ಬೊಟ್ಟು ಬಿತ್ತು. ಮಂಗಳವಾರ ಇನ್ನೊಂದು. ಗುರುವಾರ ಭವ್ಯಾ ಎರಡನೇ ಸಲ ಅನ್ನ ಹಾಕಿಸಿಕೊಳ್ಳಲು ಬಂದಳು. ಜಲಜಮ್ಮ ಒಂದು ಸೌಟು ಹೆಚ್ಚೇ ಹಾಕಿದಳು. ಫೆಬ್ರವರಿಯ ಪೋಷಕರ ಸಭೆಯಲ್ಲಿ ಉಮೇಶ್ ಮೇಷ್ಟ್ರು ಹುಡುಗಿಯನ್ನು ಎದ್ದು ನಿಲ್ಲಿಸಿ, "ಮನಸ್ಸಿದ್ರೆ ಆಗ್ತದೆ ಅನ್ನದಕ್ಕೆ ಇವ್ಳೇ ಸಾಕ್ಷಿ" ಎಂದು ಒಂದು ಪೆನ್ನು ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲಿಂದ ಫೋನ್ ಮಾಡುತ್ತೀ ಎಂದು ಅವರು ಕೇಳಲಿಲ್ಲ. ಕೊಯ್ಲಿಗೆ ಹೋಗಿದ್ದ ಹೂವಯ್ಯ ಸಭೆಗೆ ಬಂದಿರಲಿಲ್ಲ. ಬಾಗಿಲಲ್ಲಿ ನಿಂತ ಜಲಜಮ್ಮ ಮಾತ್ರ ಯಾರಿಗೂ ಕಾಣದಂತೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಮಾರ್ಚಿನ ಮೊದಲ ಗುರುವಾರದ ಹಿಂದಿನ ಸಂಜೆ ಒಂದು ಸಣ್ಣ ಮಳೆ ಬಿದ್ದಿತ್ತು. ಬೆಳಿಗ್ಗೆ ಮಂಜು ಕವಿದು ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಡೇರಿಗೆ ಹಾಲು ಹಾಕಲು ಹೊರಟ ಶ್ರೀಕಾಂತ ಏಳು ಗಂಟೆಯ ಹೊತ್ತಿಗೆ ಗುಡ್ಡದ ಕಡೆಯಿಂದ ಕರು ನರಳುವ ಹಾಗೆ ಕೇಳಿಸಿತೆಂದು ಹೋಗಿ ನೋಡಿದ. ಬಂಡೆಯ ಬುಡದ ಕಲ್ಲಿನ ಮೇಲೆ ಭವ್ಯಾ ಬಿದ್ದಿದ್ದಳು. ಫೋನು ಎರಡು ಹೋಳಾಗಿತ್ತು. ಎರಡು ಗಂಟೆ ಹೊತ್ತು ಆಕೆ ಅಲ್ಲಿ ಕೂಗಿದ್ದಳು.

ಜೀಪಿನಲ್ಲಿ ಹೊಸನಗರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ಸೊಂಟದ ಮೂಳೆ ಬಿರಿದಿದೆ, ಜೀವಕ್ಕೆ ಭಯವಿಲ್ಲ, ಮೂರು ತಿಂಗಳು ಮಲಗಿರಬೇಕು ಎಂದರು ಡಾಕ್ಟರು. ಪರೀಕ್ಷೆ ಬರೆಯಲೇಬೇಕೆಂದರೆ ಕುರ್ಚಿಯಲ್ಲಿ ಹೊತ್ತುಕೊಂಡು ಹೋಗಿ ಬರೆಸಬಹುದು, ಕೈಗೇನೂ ಆಗಿಲ್ಲ ಎಂದೂ ಹೇಳಿದರಂತೆ.

ಮಾರನೇ ದಿನ ಶಾಲೆಗೆ ಬಂದಾಗ ಗೋಡೆಯ ಮೇಲೆ ಚಾರ್ಟು ಇರಲಿಲ್ಲ. ನಾಲ್ಕು ಮೊಳೆ ಮಾತ್ರ ಇದ್ದವು.

ಸೋಮವಾರ ಹೂವಯ್ಯ ಶಾಲೆಗೆ ಬಂದ. ಹೆಡ್ ಮೇಷ್ಟ್ರ ಕೋಣೆಗೂ ಅಡುಗೆ ಕೋಣೆಗೂ ನಡುವೆ ಒಂದು ಇಟ್ಟಿಗೆ ಗೋಡೆ, ಅದರ ಮೇಲ್ಗಡೆ ಗಾಳಿಗೆಂದು ಬಿಟ್ಟ ಜಾಲರಿ. ಆ ಕಡೆ ಕೆಮ್ಮಿದರೂ ಈ ಕಡೆ ಕೇಳುತ್ತದೆ.

"ಮಗಳು ಹೇಳ್ತಾಳೆ, ಸಾರ್‌ಗೆ ಫೋನ್ ಮಾಡಕ್ಕೆ ಹೋಗಿದ್ದೆ ಅಂತ. ನೀವು ಹಂಗೆ ಹೇಳಿದ್ರಾ ಸಾರ್?"

ಗಜಾನನ ಮೇಷ್ಟ್ರು ಬಹಳ ಮೆಲ್ಲಗೆ ಹೇಳಿದರು: "ನೋಡಿ ಹೂವಯ್ಯ, ಬೆಳಿಗ್ಗೆ ಎದ್ದು ಮನೇಲಿ ಓದಿ ಅಂತ ನಾವು ಹೇಳ್ತೀವಿ. ಎದ್ದಿದಾರಾ ಅಂತ ಫೋನ್ ಮಾಡಿ ಕೇಳ್ತೀವಿ. ಕತ್ತಲಲ್ಲಿ ಹೆಣ್ಣು ಮಗು ಗುಡ್ಡ ಹತ್ತಲಿ ಅಂತ ಯಾವ ಮೇಷ್ಟ್ರಾದ್ರೂ ಹೇಳ್ತಾರಾ? ಇವ್ರನ್ನೇ ಕೇಳಿ."

"ಗುಡ್ಡ ಹತ್ತು ಅಂತ ನಾನು ಹೇಳಿಲ್ಲ" ಎಂದರು ಉಮೇಶ್ ಮೇಷ್ಟ್ರು. ಅವರ ದನಿ ನೆಲದ ಕಡೆಯಿಂದ ಬಂದಂತಿತ್ತು.

"ಮತ್ತೆ ಆ ಬಂಡೆ ದಾರಿ ಅವ್ಳಿಗೆ ಯಾರು ತೋರ್ಸಿದ್ದು? ನಂಗೇ ಆ ದಾರಿ ಮರೆತು ಹೋಗಿದೆ."

ಈ ಕಡೆ ಜಲಜಮ್ಮ ಸೌಟು ಹಿಡಿದು ನಿಂತಿದ್ದಳು. ಬಾಗಿಲು ದಾಟಿದರೆ ಎಂಟು ಹೆಜ್ಜೆ. ಸಾಂಬಾರು ಕುದಿದು ಉಕ್ಕಿ ಒಲೆಯ ಮೇಲೆ ಚೆಲ್ಲಿತು. ಗುಲಾಬಿ, "ಎಂತ ಮಾಡ್ತಿದೀರಿ ಜಲಜಕ್ಕ!" ಎಂದು ಓಡಿಬಂದು ಉರಿ ತಗ್ಗಿಸಿದಳು. ಅಷ್ಟರಲ್ಲಿ ಹೂವಯ್ಯ ಚಪ್ಪಲಿ ಮೆಟ್ಟಿ ಹೊರಟಿದ್ದ.

ಊಟ ಮುಗಿದು ಪಾತ್ರೆ ತೊಳೆದ ಮೇಲೆ ಅವಳು ಹೆಡ್ ಮೇಷ್ಟ್ರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಜಲಜಮ್ಮ, ಇನ್ನು ಹದಿನೈದು ದಿನಕ್ಕೆ ಪರೀಕ್ಷೆ. ಈಗ ಇದು ಹೊರಗೆ ಬಂದ್ರೆ ಪೇಪರ್‌ನವ್ರು ಬರ್ತಾರೆ, ಮೇಲಿನವ್ರು ಬರ್ತಾರೆ, ಉಳಿದ ಮೂವತ್ತು ಮಕ್ಕಳ ಓದು ಹಾಳು. ದಾರಿ ತೋರ್ಸಿದ್ದು ನೀವು ಅಂದ್ರೆ ಮೊದ್ಲು ನಿಮ್ಮನ್ನೇ ಕೇಳ್ತಾರೆ. ಪರೀಕ್ಷೆ ಮುಗೀಲಿ. ಆಮೇಲೆ ನಾನೇ ಹೂವಯ್ಯನ ಹತ್ರ ಮಾತಾಡ್ತೀನಿ."

ಮೂವತ್ತು ಮಕ್ಕಳು ಎಂಬ ಮಾತು ಅವಳಿಗೆ ಹೊರಗಿನ ನೆಪ. ಒಳಗೆ ಇದ್ದದ್ದು ಭಯ. ಅದು ಅವಳಿಗೆ ಗೊತ್ತಿತ್ತು. ಹೂಂ ಎಂದು ಬಂದಳು.

ಆ ವಾರದಲ್ಲೇ ಊರಿನ ಬಾಯಿ ಬಿಚ್ಚಿತು. ಗುಲಾಬಿ ತರಕಾರಿ ಹೆಚ್ಚುತ್ತ ಹೇಳಿದಳು: "ಫೋನಿನ ನೆಪ ಅಂತೆ ಜಲಜಕ್ಕ. ಯಾರೋ ಹುಡುಗನ್ನ ನೋಡಕ್ಕೆ ಹೋಗ್ತಿದ್ಲಂತೆ. ಇಲ್ದಿದ್ರೆ ಐದು ವಾರ ಅಪ್ಪನಿಗೆ ಹೇಳ್ದೇ ಕತ್ತಲಲ್ಲಿ ಎಂತಕ್ಕೆ ಹೋಗ್ಬೇಕು? ಹೂವಯ್ಯ ಪುಸ್ತಕ ಎಲ್ಲ ಗೋಣಿಗೆ ತುಂಬಿ ಅಟ್ಟಕ್ಕೆ ಹಾಕಿದಾನಂತೆ. ಇನ್ನು ಓದೂ ಬೇಡ ಎಂತದೂ ಬೇಡ, ಕಾಲು ಸರಿಯಾದ್ರೆ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಳ್ತೀನಿ ಅಂದ್ನಂತೆ."

"ಹಂಗೆಲ್ಲ ಹೇಳ್ಬೇಡ ಗುಲಾಬಿ."

"ನಾ ಎಲ್ಲಿ ಹೇಳ್ತೀನಿ? ಊರು ಹೇಳ್ತದೆ."

ಜಲಜಮ್ಮ ಬೀನ್ಸು ಹೆಚ್ಚಿದಳು. ಆ ದಿನವೂ ಹೇಳಲಿಲ್ಲ, ಮಾರನೇ ದಿನವೂ ಹೇಳಲಿಲ್ಲ. ಎರಡು ಸಲ ಹೂವಯ್ಯನ ಮನೆಯ ಅಡ್ಡಗಳು ಹಾಕಿದ ಉಣಗೋಲಿನವರೆಗೆ ಹೋಗಿ ತಿರುಗಿ ಬಂದಳು. ಹಾಲ್ ಟಿಕೆಟ್ ಕೊಟ್ಟ ದಿನ ಮೂವತ್ತು ಮಕ್ಕಳು ಸಹಿ ಹಾಕಿ ತೆಗೆದುಕೊಂಡರು. ಒಂದು ಹೆಡ್ ಮೇಷ್ಟ್ರ ಬೀರುವಿನಲ್ಲೇ ಉಳಿಯಿತು. ಉಮೇಶ್ ಮೇಷ್ಟ್ರು ಅದನ್ನು ಹಿಡಿದುಕೊಂಡು ಹೂವಯ್ಯನ ಮನೆಗೆ ಹೋಗಿದ್ದರು, ಅವನು ಒಳಗೆ ಕರೆಯಲಿಲ್ಲವೆಂದು ತಿರುಗಿ ಬಂದರು. ಅಲ್ಲಿಯವರೆಗೆ ಹೋಗಿಯೂ ಹೇಳಬೇಕಾದದ್ದನ್ನು ಅವರೂ ಹೇಳಿರಲಿಲ್ಲ.

ಪರೀಕ್ಷೆಯ ಮೊದಲ ದಿನ ಕನ್ನಡ. ಮಕ್ಕಳನ್ನು ತುಂಬಿಕೊಂಡು ಎರಡು ಜೀಪು ನಿಟ್ಟೂರಿನ ಕೇಂದ್ರಕ್ಕೆ ಹೋದವು. ಜಲಜಮ್ಮ ಒಲೆ ಹಚ್ಚಿ ಅಕ್ಕಿ ಅಳೆಯಲು ಕೂತಳು. ಎಂಟು, ಒಂಬತ್ತರ ಮಕ್ಕಳು ಅರವತ್ತಮೂರು. ಅಳೆಯುತ್ತ ಅಳೆಯುತ್ತ ಲೆಕ್ಕ ತಪ್ಪಿತು. ಮತ್ತೆ ಸುರಿದು ಅಳೆದಳು, ಮತ್ತೆ ತಪ್ಪಿತು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ಸೇರನ್ನು ಗುಲಾಬಿಯ ಮುಂದಿಟ್ಟು, "ಇವತ್ತು ನೀನೇ ಮಾಡು" ಎಂದು ಎದ್ದು ಹೊರಟಳು.

ಹೂವಯ್ಯನ ಅಂಗಳದಲ್ಲಿ ಮೆಣಸು ಒಣಗಲು ಹರಡಿತ್ತು. ಶ್ರೀಕಾಂತನೂ ಇನ್ನಿಬ್ಬರೂ ಕಟ್ಟೆಯ ಮೇಲೆ ಕೂತಿದ್ದರು. ಅವರಿದ್ದದ್ದು ಒಳ್ಳೆಯದೇ ಆಯಿತು ಎಂದುಕೊಂಡು ಜಲಜಮ್ಮ ನಿಂತಲ್ಲೇ ಹೇಳಿದಳು.

"ಹೂವಯ್ಯ, ಬಂಡೆ ದಾರಿ ತೋರ್ಸಿದ್ದು ನಾನು. ಜನವರಿ ಕಡೇ ಭಾನುವಾರ ಹನ್ನೊಂದು ಗಂಟೆಗೆ ನಾನೇ ಕರ್ಕೊಂಡು ಹೋಗಿ, ಇಲ್ಲಿ ನಿಂತ್ಕೋ ಅಂತ ಹೇಳಿದ್ದೆ. ಫೋನ್ ಮಾಡ್ತಿದ್ದದ್ದು ಉಮೇಶ್ ಮೇಷ್ಟ್ರಿಗೆ. ಬೇರೆ ಯಾರಿಗೂ ಅಲ್ಲ. ಅವ್ರ ಫೋನಲ್ಲಿ ದಿನ ದಿನದ್ದೂ ಇರ್ತದೆ, ಹೋಗಿ ತೆಗ್ಸಿ ನೋಡು. ಅವ್ಳು ಹೇಳಿದ್ದೆಲ್ಲ ಸತ್ಯ."

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೂವಯ್ಯ ಕಾಲಿನಿಂದ ಮೆಣಸು ಕೆದಕುತ್ತಿದ್ದವನು ನಿಂತ.

"ನಾನು ಇಸ್ಕೂಲಿಗೆ ಬಂದು ಕೇಳಿದ ದಿನ ನೀವು ಎಲ್ಲಿದ್ರಿ ಜಲಜಕ್ಕ?"

"ಅಡುಗೆ ಕೋಣೇಲಿದ್ದೆ."

"ಕೇಳ್ತಾ?"

"ಕೇಳ್ತು."

"ಆವತ್ತಿಂದ ಹದಿನಾಲ್ಕು ದಿನ ಆಯ್ತು" ಎಂದ ಹೂವಯ್ಯ. ಕೂಗಲಿಲ್ಲ, ಬೈಯಲಿಲ್ಲ. "ಹದಿನಾಲ್ಕು ದಿನ ನಾನು ಆ ಮಗೂಗೆ ಎಂತೆಂತ ಅಂದಿದೀನಿ ಗೊತ್ತುಂಟಾ ನಿಮ್ಗೆ? ಈಗ ಅದನ್ನೆಲ್ಲ ಎಲ್ಲಿ ಹೋಗಿ ವಾಪಸ್ ತರ್ಲಿ?"

ಅವನು ಮುಖ ತಿರುಗಿಸಿಕೊಂಡು ದಾರಿ ಬಿಟ್ಟ. ಜಲಜಮ್ಮ ಒಳಗೆ ಹೋದಳು. ಭವ್ಯಾ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಎಲ್ಲವೂ ಅವಳಿಗೆ ಕೇಳಿಸಿತ್ತು.

"ಎರಡು ಕಡ್ಡಿ ಬರ್ಲಿಲ್ಲ ದೊಡ್ಡಮ್ಮ ಆವತ್ತು" ಎಂದಳು ಗೋಡೆಗೆ. "ಒಂದೂ ಬರ್ಲಿಲ್ಲ. ಐದೂಕಾಲು ಆಗಿತ್ತು. ಅದಕ್ಕೇ ಮುಂದೆ ಹೋದೆ."

"ನಾನು ಬೆಳಕಲ್ಲಿ ಮಾತ್ರ ನೋಡಿದ್ದೆ ಮಗಾ ಅದನ್ನ."

"ನಾನು ನಿಮ್ಮ ಹೆಸ್ರು ಹೇಳ್ಲಿಲ್ಲ. ಅಪ್ಪಯ್ಯ ಎಷ್ಟು ಕೇಳಿದ್ರೂ ಹೇಳ್ಲಿಲ್ಲ. ನಿಮ್ಮ ಕೆಲ್ಸ ಹೋಗ್ತದೆ ಅಂತ." ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. "ನೀವಾಗೇ ಬರ್ತೀರಿ ಅಂದ್ಕೊಂಡಿದ್ದೆ. ದಿನಾ ಬಾಗ್ಲು ನೋಡ್ತಿದ್ದೆ. ಇವತ್ತು ಹತ್ತೂವರೆಗೆ ಕನ್ನಡ ಪೇಪರ್ ಕೊಟ್ಟಿರ್ತಾರೆ ಅಂತ ಗಡಿಯಾರ ನೋಡ್ದೆ. ಆಮೇಲೆ ನೋಡದು ಬಿಟ್ಟೆ."

ಜಲಜಮ್ಮ ಅವಳ ತಲೆ ಮುಟ್ಟಲು ಕೈ ಚಾಚಿದಳು.

"ಹೋಗಿ ದೊಡ್ಡಮ್ಮ. ಮಕ್ಕಳಿಗೆ ಊಟದ ಹೊತ್ತಾಯ್ತು."

ಅಂದೇ ಸಂಜೆ ಹೂವಯ್ಯ, ಶ್ರೀಕಾಂತ ಶಾಲೆಗೆ ಹೋದರು. ಉಮೇಶ್ ಮೇಷ್ಟ್ರು ಕೇಳುವ ಮೊದಲೇ ಫೋನು ತೆಗೆದು ಮೇಜಿನ ಮೇಲಿಟ್ಟರು. ಹೆಡ್ ಮೇಷ್ಟ್ರು ಬೇಡ ಬೇಡ ಎಂದು ಕಣ್ಸನ್ನೆ ಮಾಡಿದರೂ ಬಿಡಲಿಲ್ಲ. ಐದು ಏಳು, ಐದು ಹನ್ನೊಂದು, ಐದು ಒಂಬತ್ತು, ಐದು ವಾರದ ಹೊತ್ತು ಸಾಲಾಗಿ ಇತ್ತು. ಊರಿನ ಬಾಯಿ ಮುಚ್ಚಿತು. ಬಾಯಿ ಬಿಟ್ಟಿದ್ದವರು ಯಾರೂ ಹುಡುಗಿಯ ಹತ್ತಿರ ಹೋಗಿ ತಪ್ಪಾಯಿತು ಎನ್ನಲಿಲ್ಲ. ಉಮೇಶ್ ಮೇಷ್ಟ್ರು ಬೇರೆ ತಾಲ್ಲೂಕಿಗೆ ವರ್ಗ ಕೇಳಿ ಹೋದರು. ಉಳಿದ ಪತ್ರಿಕೆಗಳನ್ನಾದರೂ ಬರೆ ಎಂದು ಹೂವಯ್ಯನೇ ಮಗಳ ಕಾಲ ಬಳಿ ಕೂತು ಕೇಳಿಕೊಂಡ. ಪುಸ್ತಕ ಮುಟ್ಟಿ ಎರಡು ವಾರವಾಯಿತು, ಈಗ ಆಗುವುದಿಲ್ಲ ಎಂದಳು ಅವಳು.

ಶಾಲೆಗೆ ಆ ವರ್ಷ ನೂರು ಬರಲಿಲ್ಲ. ಜೂನಿನಲ್ಲಿ ಶಾಲೆಯ ಕಮಿಟಿಯವರು ಜಲಜಮ್ಮನಿಗೆ, "ವಯಸ್ಸಾಯ್ತಲ್ಲ, ಸ್ವಲ್ಪ ವಿಶ್ರಾಂತಿ ತಗೊಳ್ಳಿ" ಎಂದರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಅವಳು ಯಾಕೆಂದು ಕೇಳಲಿಲ್ಲ. ಕೋಣೆಯ ಕೀಲಿಕೈ ಗುಲಾಬಿಗೆ ಕೊಟ್ಟು, ದೊಡ್ಡ ಪಾತ್ರೆಯ ಬುಡ ಸೀಯದ ಹಾಗೆ ನೀರು ಎಷ್ಟು ಇಡಬೇಕು ಎಂಬುದನ್ನು ತೋರಿಸಿಕೊಟ್ಟು ಮನೆಗೆ ಬಂದಳು.

ಅದಕ್ಕೂ ಮೊದಲು, ಮೇ ಕೊನೆಯಲ್ಲಿ, ಎರಡನೇ ಸಲದ ಪರೀಕ್ಷೆಗೆ ಭವ್ಯಾ ಕೋಲು ಊರಿಕೊಂಡು ಹೋಗಿದ್ದಳು. ಆರು ದಿನವೂ ಜೀಪು ಜಲಜಮ್ಮನ ಮನೆಯ ಮುಂದೆಯೇ ಹಾದುಹೋಯಿತು. ಆರು ದಿನವೂ ಜಲಜಮ್ಮ ಹೊರಗೆ ಬಂದು ನಿಂತಳು. ಹುಡುಗಿ ಪುಸ್ತಕದಿಂದ ಮುಖ ಎತ್ತಲಿಲ್ಲ.

ಫಲಿತಾಂಶ ಬಂದ ದಿನ ಮಧ್ಯಾಹ್ನ ಹೂವಯ್ಯ ಒಂದು ಪೇಡೆಯ ಡಬ್ಬಿ ಹಿಡಿದುಕೊಂಡು ಮನೆ ಮನೆಗೆ ಹೋಗುತ್ತ ಜಲಜಮ್ಮನ ಅಂಗಳಕ್ಕೂ ಬಂದ. ಕೂರಲಿಲ್ಲ.

"ಪಾಸಾದ್ಲು ಜಲಜಕ್ಕ. ಐವತ್ತೆಂಟು ಪರ್ಸೆಂಟು. ಹೊಸನಗರದಲ್ಲಿ ಪಿಯುಸಿಗೆ ಹಾಕ್ತೀನಿ, ಹಾಸ್ಟೆಲ್ಲಿರ್ತಾಳೆ. ಕಾಲು ಒಂಚೂರು ಎಳೀತದೆ, ಅದು ಇನ್ನು ಹಂಗೇ ಅಂತೆ."

"ದೇವ್ರು ಒಳ್ಳೇದು ಮಾಡ್ಲಿ." ಜಲಜಮ್ಮ ಡಬ್ಬಿಯ ಕಡೆ ನೋಡಿದಳು. "ನಮ್ಮನೆಗೂ ಕೊಡು ಅಂತ ಭವ್ಯಾ ಹೇಳಿದ್ಲಾ?"

ಹೂವಯ್ಯ ಡಬ್ಬಿಯ ಮುಚ್ಚಳ ತೆಗೆದು ಹಿಡಿದ. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಇಲ್ಲ ಜಲಜಕ್ಕ. ಅವ್ಳು ಹೇಳಿಲ್ಲ. ನಾನೇ ತಂದೆ."

"ನೀ ಇದ್ದದ್ದು ಹೇಳ್ದೆ, ಅದು ಒಳ್ಳೇದಾಯ್ತು" ಎಂದಳು ಜಲಜಮ್ಮ. ಕೈ ಸೆರಗಿಗೆ ಒರೆಸಿಕೊಂಡು ಒಂದು ಪೇಡೆ ತೆಗೆದುಕೊಂಡಳು. ಅವನು ಉಣಗೋಲು ದಾಟಿ ಮುಂದಿನ ಮನೆಯ ಕಡೆ ಹೋಗುವವರೆಗೂ ಅದನ್ನು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.